ಮಾಗಡಿ ಕೆರೆಯ ಹೆಬ್ಬಾತುಗಳಿಗೆ ಹಗಲಿನ ನೆಮ್ಮದಿ ಬೇಕು

ಮಾನ್ಯರೇ,

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು. ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬಿಸಿಲೇರುವ ಹೊತ್ತಿಗೆ ಈ ಕೆರೆಗೆ ಮರಳಿ ವಿಶ್ರಮಿಸುತ್ತವೆ. ಅವುಗಳ ತಲೆಯ ಹಿಂಬದಿಯ ಎರಡು ಕಪ್ಪು ಪಟ್ಟೆಗಳನ್ನು ಬೈನಾಕ್ಯುಲರ್ ಇದ್ದರೆ ದಂಡೆಯಿಂದಲೇ ಸ್ಪಷ್ಟವಾಗಿ ಕಾಣಬಹುದು.

ಆದರೆ ಕಳೆದ ಚಳಿಗಾಲದಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ, ಹಾರುವ ಹಿಂಡಿನ ಫೋಟೊ ಬೇಕೆಂದು ಇಬ್ಬರು ನೀರಿನಂಚಿಗೆ ಇಳಿದು ಚಪ್ಪಾಳೆ ತಟ್ಟಿದರು. ಹಿಂಡಿಗೆ ಹಿಂಡೇ ಮೇಲೆದ್ದು, ಕೆರೆಯ ಮೇಲೆ ಮೂರು ಸುತ್ತು ಹಾಕಿದ ಬಳಿಕವಷ್ಟೇ ಕೆಳಗಿಳಿಯಿತು. (ಅವರ ಕ್ಯಾಮೆರಾದ ಲೆನ್ಸ್ ಮೊಳದುದ್ದವಿತ್ತು; ಹತ್ತಿರ ಹೋಗುವ ಅಗತ್ಯವೇ ಇರಲಿಲ್ಲ.) ಬೇಸಿಗೆಗೆ ಮುನ್ನ ಮರುಪ್ರಯಾಣ ಬೆಳೆಸಬೇಕಾದ ಈ ಹಕ್ಕಿಗಳು ಅದಕ್ಕಾಗಿ ಮೈಯಲ್ಲಿ ಕೊಬ್ಬನ್ನು ಕೂಡಿಟ್ಟುಕೊಳ್ಳುತ್ತವೆ, ಇಂತಹ ಅನಗತ್ಯ ಹಾರಾಟ ಅದನ್ನೇ ಕರಗಿಸುತ್ತದೆ.

ನವೆಂಬರ್‌ನಿಂದ ಮಾರ್ಚ್‌ವರೆಗೆ ನೀರಿನಂಚಿನಿಂದ ಸಾಕಷ್ಟು ದೂರದಲ್ಲಿ ಹಗ್ಗ ಕಟ್ಟಿ, ಡ್ರೋನ್ ಹಾರಿಸದಂತೆ ತಡೆದು, ರಜಾದಿನಗಳಲ್ಲಾದರೂ ದಂಡೆಯ ಮೇಲೆ ಒಬ್ಬ ಕಾವಲುಗಾರರನ್ನು ನಿಯೋಜಿಸಬೇಕೆಂದು ಅರಣ್ಯ ಇಲಾಖೆಯನ್ನು ಕೋರುತ್ತೇನೆ.

– ಓರ್ವ ಪಕ್ಷಿವೀಕ್ಷಕ, ಗದಗ