ಭಾನುವಾರದ ಮದುವೆ: ಮೆಮೊರಿ ಕಾರ್ಡ್, ಬ್ಯಾಟರಿ, ಬ್ಯಾಕಪ್

ಎಲ್ಲರಿಗೂ ನಮಸ್ಕಾರ.

ಭಾನುವಾರ ಹಾಸನದ ಮದುವೆಗೆ ಫೋಟೊ ತೆಗೆಯಲು ಹೊರಟಿರುವ ಐದು ಜನಕ್ಕೆ ಈ ಮೆಸೇಜು. ಮುಹೂರ್ತ 9.15ಕ್ಕೆ. ಬೆಳಿಗ್ಗೆ 5.30ಕ್ಕೆಲ್ಲ ಛತ್ರದಲ್ಲಿ ಇರಬೇಕು.

ಕ್ಯಾಮೆರಾದ ಎರಡೂ ಸ್ಲಾಟ್‌ಗೆ ಕಾರ್ಡ್ ಹಾಕಿ, ಒಂದೇ ಫೋಟೊ ಎರಡರಲ್ಲೂ ಸೇವ್ ಆಗುವ ಹಾಗೆ ಸೆಟ್ಟಿಂಗ್ ಇಡಿ. ಮೊದಲನೆಯದು ತುಂಬಿದ ಮೇಲೆ ಎರಡನೆಯದಕ್ಕೆ ಹೋಗುವ ಹಾಗೆ ಇದ್ದರೆ ಎರಡು ಕಾರ್ಡ್ ಇದ್ದೂ ಬ್ಯಾಕಪ್ ಇಲ್ಲ ಅಂತಲೇ ಅರ್ಥ. ಹೋದ ವರ್ಷ ಧಾರೆ ಮುಗಿದ ಮೇಲೆ ನನ್ನ ಒಂದು ಕಾರ್ಡ್ ಓಪನ್ ಆಗಲೇ ಇಲ್ಲ. ಇನ್ನೊಂದು ಉಳಿಸಿತು. ಇಲ್ಲದಿದ್ದರೆ ಆ ಹುಡುಗಿಯ ಅಪ್ಪನಿಗೆ ಏನು ಹೇಳುತ್ತಿದ್ದೆನೋ, ಇವತ್ತಿಗೂ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಎಲ್ಲ ಕ್ಯಾಮೆರಾಗಳ ಟೈಮ್ ಫೋನ್ ನೋಡಿ ಒಂದೇ ಮಾಡಿಕೊಳ್ಳಿ, ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಸುಮ್ನೆ ಒದ್ದಾಟ. ಬ್ಯಾಟರಿಗಳು ಶನಿವಾರ ರಾತ್ರಿಯೇ ಚಾರ್ಜ್ ಆಗಿರಲಿ. ಸ್ಪೇರ್ ಕ್ಯಾಮೆರಾ ಬಾಡಿ ನಾನು ತರುತ್ತೇನೆ.

ತಾಳಿ ಕಟ್ಟುವಾಗ ಇಬ್ಬರು ಎರಡು ಕಡೆ ನಿಲ್ಲಿ. ಅಕ್ಷತೆ ಹಾಕಲು ಜನ ನುಗ್ಗುತ್ತಾರೆ, ಯಾರದೋ ಕೈ ಅಡ್ಡ ಬರುತ್ತದೆ, ಫ್ಲ್ಯಾಶ್ ಕೈಕೊಡುತ್ತದೆ. ಇನ್ನೊಂದು ಸಲ ಕಟ್ಟಿ ಅನ್ನೋಕಾಗಲ್ಲ ಅಲ್ವಾ?

ತೆಗೆದ ಕಾರ್ಡ್ ಜಿಪ್ ಇರುವ ಜೇಬಿಗೆ ಹೋಗಲಿ, ಕಾರಿನಲ್ಲಿ ಬಿಡಬೇಡಿ. ಹೊರಡುವ ಮೊದಲು ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡೋಣ, ಒಂದೊಂದು ಒಂದೊಂದು ಗಾಡಿಯಲ್ಲಿ ಬರಲಿ. ನಾನು ಹೇಳುವವರೆಗೆ ಯಾರೂ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ, ದಯವಿಟ್ಟು.

ಯಾರ ಹತ್ತಿರ ಎಷ್ಟು ಕಾರ್ಡ್, ಎಷ್ಟು ಬ್ಯಾಟರಿ ಇದೆ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಮೈ ಹುಷಾರಿಲ್ಲದಿದ್ದರೂ ಈಗಲೇ ಹೇಳಿ, ಬದಲಿಗೆ ಒಬ್ಬರನ್ನು ಕೇಳಿಟ್ಟಿದ್ದೇನೆ.