ಒತ್ತು ಬೀಳಬೇಕಾದ ಜಾಗ

ಮಾನ್ಯ ಸಂಪಾದಕರೇ,

ಕಿರುತೆರೆಯಲ್ಲಿ ಧಾರವಾಡದ ಪಾತ್ರವಾದರೆ ಪ್ರತಿ ವಾಕ್ಯಕ್ಕೂ ‘ಐತ್ರಿ’, ಮಂಗಳೂರಿನದಾದರೆ ‘ಎಂತ ಮಾರಾಯ್ರೆ’ ಎಂದು ಸೇರಿಸಿ ಕೈತೊಳೆದುಕೊಳ್ಳುವ ರೂಢಿ ಬೆಳೆದಿದೆ. ಆದರೆ ಒಂದು ಸೀಮೆಯ ಮಾತಿನ ಗುರುತು ಪದಗಳಲ್ಲಷ್ಟೇ ಇರುವುದಿಲ್ಲ. ಯಾವ ಅಕ್ಷರವನ್ನು ಎಳೆಯುತ್ತಾರೆ, ಯಾವುದನ್ನು ನುಂಗುತ್ತಾರೆ, ಪ್ರಶ್ನೆ ಕೇಳುವಾಗ ದನಿ ಎಲ್ಲಿ ಏರುತ್ತದೆ ಎಂಬುದರಲ್ಲೂ ಇರುತ್ತದೆ. ‘ಏನ್ ಮಾಡಾಕತ್ತೀರಿ’ ಎಂಬುದನ್ನು ಮೈಸೂರಿನ ಧಾಟಿಯಲ್ಲಿ ಒಪ್ಪಿಸಿದರೆ ಅದು ಧಾರವಾಡದ ಮಾತಾಗುವುದಿಲ್ಲ. ಇಂತಹ ಪಾತ್ರಗಳು ಬಹುಪಾಲು ನಗಿಸುವುದಕ್ಕೇ ಮೀಸಲಾಗಿರುವುದು ಇನ್ನೊಂದು ಬೇಸರದ ಸಂಗತಿ.

ಸುಗಮ ಸಂಗೀತದಲ್ಲೂ ಇದೇ ಅಲಕ್ಷ್ಯ ಕಾಣುತ್ತದೆ. ಹಾಡು ತಾಳದ ಸಮದಲ್ಲೇ, ಅಂದರೆ ಆವರ್ತದ ಮೊದಲ ಪೆಟ್ಟಿನಲ್ಲೇ, ಆರಂಭವಾಗಬೇಕೆಂಬ ಕಟ್ಟುಪಾಡು ನಮ್ಮ ಸಂಗೀತದಲ್ಲಿಲ್ಲ. ಸಮಕ್ಕಿಂತ ಮುಂಚೆ ಇಲ್ಲವೇ ಆಮೇಲೆ ಹಾಡನ್ನು ಎತ್ತಿಕೊಳ್ಳುವ ಅತೀತ, ಅನಾಗತಗಳಿಗೂ ಅವಕಾಶವಿದೆ. ಹೀಗಿದ್ದೂ ಕೆಲವರು ತಾಳದ ಪೆಟ್ಟನ್ನು ಪದದ ನಡುವೆ ಬೀಳಿಸಿ, ‘ಬಾರದಿರು’ ಎಂಬುದನ್ನು ‘ಬಾ’ ಎಂದು ನಿಲ್ಲಿಸಿ, ಬರಬೇಡವೆನ್ನುವ ಕವಿತೆಯಿಂದಲೇ ಆಹ್ವಾನ ಕೊಡಿಸುತ್ತಾರೆ. ವೇದಪಾಠದಲ್ಲಿ ಉದಾತ್ತ, ಅನುದಾತ್ತ, ಸ್ವರಿತ ಎಂಬ ದನಿಯ ಏರಿಳಿತಗಳಿಗೆ ಇರುವ ಕಟ್ಟುನಿಟ್ಟು ಸಿನಿಮಾ ಹಾಡಿಗೂ ಬೇಕೆಂದು ನಾನು ಹೇಳುತ್ತಿಲ್ಲ. ಸಾಹಿತ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡು ರಾಗ ಹಾಕಿದರೆ ಸಾಕು.

ಧಾರಾವಾಹಿ ತಯಾರಕರು ಆಯಾ ಸೀಮೆಯ ರಂಗಕಲಾವಿದರನ್ನು, ತಕ್ಕ ಸಂಭಾವನೆ ಕೊಟ್ಟು, ಮಾತಿನ ತರಬೇತಿಗೆ ನೇಮಿಸಿಕೊಳ್ಳಬೇಕು. ಹುಬ್ಬಳ್ಳಿ, ಕಲಬುರಗಿ, ಕುಂದಾಪುರಗಳಲ್ಲಿ ಅಂಥವರಿಗೆ ಬರವಿಲ್ಲ.

ಇಂತಿ,
ಒಬ್ಬ ಓದುಗ, ಹುಬ್ಬಳ್ಳಿ