ನಗುವಿಗೆ ಮುಂಚಿನ ನಡುಕ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವನ್ನು ನಿನ್ನಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯ ಮಾತು ನನ್ನ ಮನಸ್ಸನ್ನು ಕಲಕಿದೆ. ವೇದಿಕೆ ಹತ್ತುವ ಮುನ್ನ ಕೈ ನಡುಗುತ್ತದೆ, ಮಾತು ಮುಗಿದು ನಗು ಏಳುವವರೆಗಿನ ಮೌನದಲ್ಲಿ ಉಸಿರೇ ನಿಂತಂತಾಗುತ್ತದೆ, ಇಷ್ಟು ಹೆದರುವವಳು ಜನರನ್ನು ನಗಿಸಲು ತಕ್ಕವಳೇ ಅಲ್ಲವೇನೋ ಎಂದು ಬರೆದಿದ್ದೀಯೆ.

ಬೆಂಗಳೂರಿನ ನಿಮ್ಮ ಸ್ಟ್ಯಾಂಡ್‌ಅಪ್ ಕಾರ್ಯಕ್ರಮಗಳನ್ನು ನಾನು ನೋಡಿದವನಲ್ಲ. ನನಗೆ ತಿಳಿದಿರುವುದು ಯಕ್ಷಗಾನದ ರಂಗಸ್ಥಳ. ನಮ್ಮ ಹವ್ಯಾಸಿ ಸಂಘದಲ್ಲಿ ವಿರಾಟಪರ್ವದ ಪ್ರಸಂಗವಾದಾಗಲೆಲ್ಲ ಉತ್ತರಕುಮಾರನ ವೇಷ ನನ್ನ ಪಾಲಿಗೆ ಬರುತ್ತಿತ್ತು. ಸಾರಥಿಯೊಬ್ಬ ಸಿಕ್ಕರೆ ಸಾಕು, ಕೌರವರನ್ನು ಓಡಿಸಿ ಗೋವುಗಳನ್ನು ಮರಳಿಸುತ್ತೇನೆಂದು ಅಂತಃಪುರದ ಹೆಂಗಳೆಯರ ಮುಂದೆ ಕೊಚ್ಚಿಕೊಳ್ಳುವ ಈ ರಾಜಕುಮಾರ, ಭೀಷ್ಮ, ದ್ರೋಣ, ಕರ್ಣರಿರುವ ಸೈನ್ಯವನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಸಭೆ ಅವನ ಬಡಾಯಿಗಿಂತ ಹೆಚ್ಚಾಗಿ ಅವನ ನಡುಕಕ್ಕೆ ನಗುತ್ತಿತ್ತು. ಅಂಥ ಸೈನ್ಯದ ಎದುರು ತಮ್ಮ ಕಾಲೂ ನಿಲ್ಲದೆಂಬುದು ಅಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತಿತ್ತು.

ನಾಟ್ಯಶಾಸ್ತ್ರವು ಹಾಸ್ಯರಸವು ಶೃಂಗಾರದಿಂದಲೂ ಭಯಾನಕರಸವು ಬೀಭತ್ಸದಿಂದಲೂ ಹುಟ್ಟುತ್ತವೆಂದು ಹೇಳುತ್ತದೆ. ಶಾಸ್ತ್ರಕ್ಕೆ ಎದುರಾಡುವಷ್ಟು ಓದು ನನ್ನದಲ್ಲ. ಆದರೆ ವೇಷ ಕಟ್ಟಿ ನಿಂತಾಗ ಹಾಸ್ಯದ ಅತಿ ಹತ್ತಿರದ ನೆಂಟನಾಗಿ ನನಗೆ ಕಂಡದ್ದು ಭಯವೇ. ಆದ್ದರಿಂದಲೇ ನಿನ್ನ ಹೆದರಿಕೆಯನ್ನು ಅನರ್ಹತೆಯ ಗುರುತೆಂದು ನಾನು ಒಪ್ಪಲಾರೆ.

ಬಿಗಿಯಾದ ನಿರೀಕ್ಷೆಯೊಂದು ಥಟ್ಟನೆ ಏನೂ ಇಲ್ಲದಂತಾದಾಗ ನಗು ಹುಟ್ಟುತ್ತದೆ ಎಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1790ರಲ್ಲಿ ಬರೆದ. ಬಿಗಿತದ ಮಾತು ನಿಜ. ಏನೂ ಇಲ್ಲದಂತಾಗುತ್ತದೆ ಎಂಬುದು ನನಗೆ ಪೂರ್ತಿ ಹಿಡಿಸುವುದಿಲ್ಲ. ಓಡುವ ಉತ್ತರನನ್ನು ಬೆನ್ನಟ್ಟಿ ಹಿಡಿಯುವ ಬೃಹನ್ನಳೆ ಅರ್ಜುನನೆಂದು ಸಭೆಗೆ ಮೊದಲೇ ಗೊತ್ತು. ಹುಡುಗನಿಗೆ ಏನೂ ಆಗದೆಂಬ ಆ ಭರವಸೆ ಇರುವುದರಿಂದಲೇ ಅವರು ಅವನ ಭಯಕ್ಕೆ ಮನಬಿಚ್ಚಿ ನಗಬಲ್ಲರು. ವ್ಯಾಸಭಾರತದಲ್ಲಿ, ಜಡೆ ತೂಗಾಡಿಸುತ್ತ ಓಡುವ ಬೃಹನ್ನಳೆಯನ್ನು ಕಂಡು ಕೆಲವು ಕೌರವ ಸೈನಿಕರೂ ನಗುತ್ತಾರೆ. ಆದರೆ ಈ ವೇಷದೊಳಗಿರುವವನು ಅರ್ಜುನನೇ ಇರಬಹುದೇ ಎಂಬ ಶಂಕೆ ಆ ನಗುವಿನ ಬೆನ್ನಿಗೇ ಅವರಲ್ಲಿ ಹುಟ್ಟುತ್ತದೆ. ಅದೇ ಅರ್ಜುನ ಸಭೆಗೆ ಅಭಯ, ಅವರಿಗೆ ಭಯ.

ನಿನ್ನ ಹೆದರಿಕೆಯಲ್ಲಿ ನಿಜವೂ ಇದೆಯೆಂಬುದನ್ನು ಮರೆಮಾಚಲಾರೆ. ಈ ಹುಡುಗಿ ಕುಸಿದುಬಿಟ್ಟಾಳೇ ಎಂದು ಸಭೆ ನಿನಗಾಗಿ ಕಳವಳಪಡತೊಡಗಿದರೆ ನಗು ಬಾರದು, ಕರುಣೆ ಬಂದೀತು. ವೇದಿಕೆಯಲ್ಲಿ ನಿನ್ನೊಂದಿಗೆ ಬೃಹನ್ನಳೆ ಇಲ್ಲ; ಆ ಎರಡು ವೇಷಗಳನ್ನೂ ನೀನೊಬ್ಬಳೇ ಹೊರಬೇಕು. ಭಯ ನಿನ್ನ ಮಾತಿನಲ್ಲಿ ಬರಲಿ, ನಿಲುವಿನಲ್ಲಿ ಬೇಡ ಎಂದು ಬರೆಯುವುದು ನನಗೆ ಸುಲಭ. ಮಾಡುವುದು ಎಷ್ಟು ಕಷ್ಟವೆಂದು ಬಲ್ಲೆ.

ನಮ್ಮಲ್ಲಿ ಹಿರಿಯ ಹಾಸ್ಯಗಾರರೊಬ್ಬರಿದ್ದರು. ಅವರು ರಂಗಕ್ಕೆ ಬಂದರೆ ನಿದ್ದೆಗಣ್ಣಿನ ಮಕ್ಕಳೂ ಎದ್ದು ಕೂರುತ್ತಿದ್ದವು. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಹಚ್ಚುವಾಗ ಅವರ ಬೆರಳುಗಳು ನಡುಗುತ್ತಿದ್ದವು. ಪ್ರವೇಶದವರೆಗೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅವರ ಪಕ್ಕದಲ್ಲೇ ಕುಳಿತು ನಾನೂ ಒಳಗೊಳಗೇ ನಡುಗುತ್ತಿದ್ದೆ. ನಿಮಗೂ ಹೀಗಾಗುತ್ತದೆಯೇ ಎಂದು ಒಮ್ಮೆ ಕೇಳುವ ಸಲುಗೆಯನ್ನು ನಾನು ತೆಗೆದುಕೊಳ್ಳಲಿಲ್ಲ. ಅವರು ತೀರಿಕೊಂಡು ಬಹಳ ಕಾಲವಾಯಿತು. ನೀನು ನನ್ನನ್ನು ಕೇಳಿದೆಯಲ್ಲ, ಆ ಸಮಾಧಾನ ನನಗಿದೆ.

ಆ ಮೌನದ ಬಗ್ಗೆ ಮತ್ತೆ ಹೇಳುತ್ತೇನೆ. ಅದು ನಿನ್ನನ್ನು ತಿರಸ್ಕರಿಸಿದ ಮೌನವೆಂದು ನೀನು ತಿಳಿದಿದ್ದೀಯೆ. ಬಹಳ ಸಲ ಅದು ಸಭೆ ಉಸಿರು ಬಿಗಿಹಿಡಿದ ಕ್ಷಣವಾಗಿರುತ್ತದೆ. ನೀನು ಗಾಬರಿಯಿಂದ ಮುಂದಿನ ಮಾತಿಗೆ ಹಾರಿದರೆ ಆ ಬಿಗಿತ ಬಿಚ್ಚಿಕೊಳ್ಳಲು ಎಡೆಯೇ ಸಿಗದು. ನಮಗೆ ಚೆಂಡೆ ಮದ್ದಳೆಗಳಿದ್ದವು, ಎಲ್ಲಿ ನಿಲ್ಲಬೇಕೆಂದು, ಹಾಡುತ್ತ ಆಟ ನಡೆಸುವ ಭಾಗವತರು ಅರಿತು ಕಾಯುತ್ತಿದ್ದರು. ನಿನಗೆ ಆ ಆಸರೆಯಿಲ್ಲ. ಮಾತು ಮುಗಿದ ಮೇಲೆ ಒಂದು ಉಸಿರನ್ನು ಪೂರ್ತಿ ಹೊರಬಿಟ್ಟು ನೋಡು. ಆರಂಭದಲ್ಲೇ ಮುಂದಿನ ಸಾಲಿನವರೊಬ್ಬರನ್ನು ಹಿಡಿದು ಗೇಲಿ ಮಾಡಬೇಡ. ತಮ್ಮ ಸರದಿ ಯಾವಾಗಲೋ ಎಂಬ ಅಂಜಿಕೆ ಉಳಿದವರಿಗೂ ಹರಡುತ್ತದೆ, ಅಂಥ ಅಂಜಿಕೆಗೆ ಅರ್ಜುನನಿಲ್ಲ. ನಿಮ್ಮ ಕಲೆಯ ರೀತಿಯೇ ಬೇರೆಯಾಗಿದ್ದರೆ ಇದನ್ನು ಬಿಟ್ಟುಬಿಡು.

ನನಗೆ ಮೊದಲ ನಗು ಕೇಳಿಸಿದ ಮೇಲೆ ಕೈ ತಾನಾಗಿ ನಿಲ್ಲುತ್ತಿತ್ತು. ನಿನಗೆ ಹಾಗಾಗುತ್ತದೆಯೋ, ಕೊನೆಯವರೆಗೂ ನಡುಕ ಉಳಿಯುತ್ತದೆಯೋ ಎಂಬುದನ್ನು ನೀನು ಬರೆದಿಲ್ಲ. ದಯವಿಟ್ಟು ಅದನ್ನು ತಿಳಿಸು.

ಇತಿ,
ನಿನ್ನ ದೊಡ್ಡಪ್ಪ